ಕೇಳಿದ್ದು ಸಿಂಹಳ, ಸಿಕ್ಕಿದ್ದು ಕೆನರಾ



ಜನವರಿ 16 ಸಂತ ಜೋಸೆಫ್ ವಾಜರ ಹಬ್ಬ. ಕರಾವಳಿಯ ಕ್ರೈಸ್ತರಾದ ನಮಗೆ ಇವರು ದೂರದ ಸಂತರಲ್ಲ. ನಮ್ಮ ಹೊಳೆಗಳ ನಾಡಿನಲ್ಲಿ ಬರಿಗಾಲಲ್ಲಿ ನಡೆದವರು, ನಮ್ಮ ಮನೆಮಾತಾದ ಕೊಂಕಣಿಯಲ್ಲೇ ಪಾಪನಿವೇದನೆ ಕೇಳಿದವರು. ಆದರೂ ಅವರ ಬಗ್ಗೆ ಬರೆಯಬೇಕೆಂದು ನನಗೆ ಅನಿಸಿದ್ದು ಹಬ್ಬ ಹತ್ತಿರ ಬಂತೆಂಬ ಕಾರಣಕ್ಕಲ್ಲ. ಅಂಕೋಲಾ ತಾಲೂಕಿನ ಹಿಲ್ಲೂರಿನಲ್ಲಿ ಒಬ್ಬ ಹುಡುಗ ಕೇಳಿದ ಪ್ರಶ್ನೆಯ ಕಾರಣಕ್ಕೆ.

ಜಪಸರದ ತಿಂಗಳಲ್ಲಿ ಅಲ್ಲಿ ಒಂದು ಮನೆಗೆ ಪ್ರಾರ್ಥನೆಗೆ ಹೋಗಿದ್ದೆ. ಪ್ರಾರ್ಥನೆ ಮುಗಿದು ಚಹಾ ಕುಡಿಯುತ್ತಿರುವಾಗ ಆ ಮನೆಯ ಮಗ ಬಂದು ಪಕ್ಕದಲ್ಲಿ ಕುಳಿತ. ಡಿಪ್ಲೊಮಾ ಮುಗಿಸಿ ಎರಡು ವರ್ಷವಾಗಿತ್ತು. ಗಲ್ಫಿಗೆ ಹೋಗಲು ಮಾಡಿದ ಪ್ರಯತ್ನ ಎರಡು ಸಲ ಕೈಕೊಟ್ಟಿತ್ತು. ಅಷ್ಟರಲ್ಲಿ ತಂದೆ ಹಾಸಿಗೆ ಹಿಡಿದರು. ಈಗ ತೋಟ, ದನ, ತಂದೆಯ ಆರೈಕೆ ಎಲ್ಲ ಇವನದೇ. “ಫಾದರ್, ದೇವರು ಪ್ರತಿಯೊಬ್ಬರ ಬಾಳಿಗೂ ಒಂದು ಉದ್ದೇಶ ಇಟ್ಟಿದ್ದಾನೆ ಅಂತ ನೀವು ಪ್ರಸಂಗದಲ್ಲಿ ಹೇಳ್ತೀರಿ. ನನ್ನದು ಯಾವುದು? ಈ ದನ ಕಟ್ಟೋದೇ?” ಎಂದ. ನಗುತ್ತಲೇ ಕೇಳಿದ, ಆದರೆ ಕಣ್ಣಿನಲ್ಲಿ ನಗು ಇರಲಿಲ್ಲ. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ತಂದೆ ಕರೆದರು. ಗಂಜಿಯ ಬಟ್ಟಲು ಹಿಡಿದು ಎದ್ದು ಹೋದ. ಸತ್ಯ ಹೇಳುವುದಾದರೆ, ಅವನು ಎದ್ದು ಹೋದದ್ದು ನನಗೆ ಸಮಾಧಾನವೇ ಆಯಿತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಂಕೋಲೆಗೆ ಮರಳುವ ಬಸ್ಸಿನಲ್ಲಿ ನೆನಪಾದದ್ದು ಈ ಸಂತರು.

ಜೋಸೆಫ್ ವಾಜರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬೆಣಾವ್ಲಿಯಲ್ಲಿ. ಅದು ತಾಯಿಯ ಊರು, ತಂದೆಯ ಊರು ಸಾಂಕ್ವಾಳ. 1676ರಲ್ಲಿ ಗುರುದೀಕ್ಷೆಯಾಯಿತು. ದೀಕ್ಷೆಯಾದ ಮೇಲೆ ಕಾಲಿಗೆ ಪಾದರಕ್ಷೆ ಹಾಕುವುದನ್ನು ಬಿಟ್ಟರು, ಬಡವರು ನಡೆಯುವಂತೆ ನಡೆಯಬೇಕೆಂದು. ಮರುವರ್ಷ, ಅಂದರೆ 1677ರ ಆಗಸ್ಟ್ 5ರಂದು, ಒಂದು ವಿಚಿತ್ರ ಕಾಗದ ಬರೆದರು. ತಾನು ಮಾತೆ ಮರಿಯಮ್ಮನವರ ದಾಸನೆಂದು ತಾವೇ ಬರೆದುಕೊಟ್ಟ ಜೀತದ ಕರಾರು ಅದು. ನಮ್ಮ ಕನ್ನಡ ನಾಡಿನಲ್ಲಿ ದಾಸ ಎಂದರೆ ಗೌರವದ ಮಾತು, ದಾಸರ ಪದಗಳನ್ನು ಕೇಳಿ ಬೆಳೆದವರು ನಾವು. ಆದರೆ ಆ ಕಾಲದ ಗೋವೆಯಲ್ಲಿ ಮನುಷ್ಯರನ್ನು ನಿಜವಾಗಿಯೇ ಕೊಂಡು ಮಾರುತ್ತಿದ್ದರು. ಅಂಥ ಊರಿನಲ್ಲಿ ಉತ್ತಮ ಮನೆತನದ ವಿದ್ಯಾವಂತ ಗುರುವೊಬ್ಬ ತನ್ನನ್ನು ದಾಸನೆಂದು ಬರೆದುಕೊಳ್ಳುವುದು ಬರಿಯ ಭಕ್ತಿಯ ಅಲಂಕಾರವಾಗಿರಲಿಲ್ಲ.

ದಾಸನಿಗೆ ತನ್ನ ಕೆಲಸವನ್ನು ತಾನೇ ಆರಿಸಿಕೊಳ್ಳುವ ಹಕ್ಕಿಲ್ಲ. ಇದು ವಾಜರಿಗೆ ಬೇಗನೆ ಅರ್ಥವಾಯಿತು.

ಅವರ ಮನಸ್ಸು ಇದ್ದದ್ದು ಸಿಂಹಳದ ಮೇಲೆ. 1658ರಲ್ಲಿ ಡಚ್ಚರು ಪೋರ್ಚುಗೀಸರನ್ನು ಆ ದ್ವೀಪದಿಂದ ಪೂರ್ತಿ ಹೊರಹಾಕಿದ ಮೇಲೆ ಅಲ್ಲಿನ ಕಥೋಲಿಕರಿಗೆ ಗುರುಗಳಿಲ್ಲದೆ ಹೋಗಿತ್ತು. ಮಕ್ಕಳಿಗೆ ದೀಕ್ಷಾಸ್ನಾನ ಕೊಡುವವರಿಲ್ಲ, ಸಾಯುವವರಿಗೆ ಪರಮಪ್ರಸಾದ ಕೊಡುವವರಿಲ್ಲ. ನನ್ನನ್ನು ಅಲ್ಲಿಗೆ ಕಳಿಸಿ ಎಂದು ವಾಜರು ಕೇಳಿಕೊಂಡರು. ಗೋವೆಯ ಹಿರಿಯರು 1681ರಲ್ಲಿ ಅವರನ್ನು ಕಳಿಸಿದ್ದು ಕೆನರಾಕ್ಕೆ, ನಮ್ಮ ಈ ಸೀಮೆಗೆ.

ಗೋವೆಯಿಂದ ನೆಲದ ದಾರಿಯಲ್ಲಿ ಹೊನ್ನಾವರ ಮುಟ್ಟಬೇಕಾದರೆ ಕಾಳಿ, ಗಂಗಾವಳಿ, ಅಘನಾಶಿನಿ, ಇಷ್ಟು ಹೊಳೆಗಳನ್ನು ದಾಟಬೇಕು. ಸೇತುವೆಗಳಿಲ್ಲದ ಕಾಲ. ಹೆದ್ದಾರಿ, ರೈಲು ಎಲ್ಲ ಇದ್ದೂ 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದಾಗ ನಾವು ಪಟ್ಟ ಪಾಡು ನೆನಪಿದ್ದವರಿಗೆ ಆ ಕಾಲದ ಪ್ರಯಾಣವನ್ನು ಹೆಚ್ಚು ವಿವರಿಸಬೇಕಿಲ್ಲ. ಕೆಳದಿಯಲ್ಲಿ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. 1678ರಲ್ಲಿ ಕೆಳದಿಯವರಿಗೂ ಪೋರ್ಚುಗೀಸರಿಗೂ ಆದ ಒಪ್ಪಂದದಂತೆ ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರ ಮುಂತಾದ ಕಡೆ ದೇವಾಲಯ ಕಟ್ಟಲು ಅನುಮತಿ ದೊರೆತಿತ್ತು. ಬರಗಾಲ, ತೆರಿಗೆ, ಯುದ್ಧ, ಧರ್ಮವಿಚಾರಣೆಯ ಭಯ, ಹೀಗೆ ನಾನಾ ಕಾರಣಕ್ಕೆ ಗೋವೆ ಬಿಟ್ಟು ಬಂದ ಕ್ರೈಸ್ತರು ಗದ್ದೆಬಯಲುಗಳಲ್ಲಿ ಚದುರಿ ನೆಲೆಸಿದ್ದರು. ನಮ್ಮಲ್ಲಿ ಅನೇಕರ ಪೂರ್ವಜರು ಇವರೇ.

ಈ ಜನರ ನಡುವೆ ಒಂದು ಜಗಳವಿತ್ತು. ಅದನ್ನು ಮುಚ್ಚಿಟ್ಟು ಸಂತರ ಕಥೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಪವಿತ್ರ ಪೀಠವು ತೋಮಸ್ ದೆ ಕಾಸ್ತ್ರೊ ಎಂಬ ಧರ್ಮಾಧ್ಯಕ್ಷರನ್ನು ಈ ಪ್ರದೇಶಕ್ಕೆ ನೇಮಿಸಿತ್ತು, ಅವರು ಮಂಗಳೂರಿನಲ್ಲಿದ್ದರು. ಈ ಪ್ರದೇಶ ಪೋರ್ಚುಗೀಸ್ ಅರಸರ ಹಕ್ಕಿನಂತೆ ನಮಗೆ ಸೇರಿದ್ದೆಂದು ಗೋವೆಯವರ ವಾದ. ಕೆಲವು ಗುರುಗಳು ಆ ಕಡೆ, ಕೆಲವರು ಈ ಕಡೆ. ಯಾರ ಕೈಯಿಂದ ಪಡೆದ ಸಂಸ್ಕಾರ ಸಲ್ಲುತ್ತದೆ, ಯಾರದು ಸಲ್ಲುವುದಿಲ್ಲ ಎಂಬ ಗೊಂದಲದಲ್ಲಿ ಬಡ ಜನ ನರಳಿದರು. ವಾಜರು ಬಂದದ್ದು ಗೋವೆಯ ಪ್ರತಿನಿಧಿಯಾಗಿ. ಗೋವೆಯ ಪಕ್ಷ ಗೆಲ್ಲಿಸುವುದೇ ಅವರಿಂದ ನಿರೀಕ್ಷಿಸಿದ ಕೆಲಸ. ಅವರು ಮಾಡಿದ್ದೇನೆಂದರೆ, ಧರ್ಮಾಧ್ಯಕ್ಷರನ್ನು ಕಂಡು ಮಾತನಾಡಿದರು, ಅವರ ಅಧಿಕಾರಪತ್ರಗಳನ್ನು ಗೌರವಿಸಿದರು, ಮೇಲಿನ ತೀರ್ಪು ಬರುವವರೆಗೆ ಜನರ ಆತ್ಮಕ್ಕೆ ಕೇಡಾಗದಂತೆ ಹೊಂದಿಕೊಂಡು ಹೋಗುವ ದಾರಿ ಹುಡುಕಿದರು. ಆ ರಾಜಿ ಬಹಳ ಕಾಲ ಬಾಳಲಿಲ್ಲ. ಎರಡೂ ಕಡೆಯವರನ್ನು ಮೆಚ್ಚಿಸಲು ಹೋಗದವನಿಗೆ ಎರಡೂ ಕಡೆಯಿಂದ ಏನು ಸಿಗುತ್ತದೆಂದು ಯಾವುದಾದರೂ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಕುಳಿತವರಿಗೆ ಗೊತ್ತಿದೆ!

ಉಳಿದ ಕಾಲವೆಲ್ಲ ಅವರು ನಡೆದರು. ಮಂಗಳೂರಿನ ರೊಜಾರಿಯೊ ದೇವಾಲಯವನ್ನು ಮತ್ತೆ ಎಬ್ಬಿಸಿದರು. ಹೊನ್ನಾವರ, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ದೇವಾಲಯ ಕಟ್ಟಿಸಿದರು. ಶಾಲೆ ತೆರೆದರು. ಮಾರಾಟವಾಗಿ ಹೋಗಿದ್ದ ಕ್ರೈಸ್ತರನ್ನು ಭಿಕ್ಷೆ ಎತ್ತಿದ ಹಣದಿಂದ ಬಿಡಿಸಿ ತಂದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ದಾಸನೆಂದು ಬರೆದುಕೊಂಡವರು ದಾಸರನ್ನು ಬಿಡಿಸಿದರು. ದಕ್ಷಿಣ ಕನ್ನಡದ ಮುಡಿಪಿನ ಗುಡ್ಡದ ಮೇಲೆ ಇಂದಿಗೂ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಅಲ್ಲಿನ ನೀರಿನ ಒರತೆಗಳ ಬಗ್ಗೆ ಭಕ್ತರು ಹೇಳುವ ಕಥೆಯನ್ನು ನಿಮ್ಮಲ್ಲಿ ಹಲವರು ಯಾತ್ರೆಗೆ ಹೋದಾಗ ಕೇಳಿರುತ್ತೀರಿ.

1684ರಲ್ಲಿ ಗೋವೆಗೆ ಮರಳಿದರು. ಅಲ್ಲೂ ಒಂದು ಬಾಗಿಲು ಮುಚ್ಚಿತ್ತು. ಯುರೋಪಿಯನ್ ಸನ್ಯಾಸಿ ಸಭೆಗಳು ಈ ಮಣ್ಣಿನ ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಗೋವೆಯ ಕೆಲವು ಸ್ಥಳೀಯ ಗುರುಗಳು ತಾವೇ ಕೂಡಿ ಬಾಳಲು ಆರಂಭಿಸಿದ್ದರು. ವಾಜರು 1685ರಲ್ಲಿ ಅವರನ್ನು ಸೇರಿ, ಆ ಕೂಟಕ್ಕೆ ಸಂತ ಫಿಲಿಪ್ ನೇರಿಯವರ ಒರಟೋರಿಯ ಮಾದರಿಯ ಕಟ್ಟುಪಾಡು ಕೊಟ್ಟರು. ಅವರೇ ಅದರ ಹಿರಿಯರೂ ಆದರು. ಮರುವರ್ಷ ಆ ಹಿರಿತನವನ್ನೂ ಬಿಟ್ಟು, ಕೊನೆಗೂ ಸಿಂಹಳದ ದಾರಿ ಹಿಡಿದರು. ಜೊತೆಯಲ್ಲಿ ಜಾನ್ ಎಂಬ ಕುಣುಬಿ ಯುವಕ, ಮನೆಯ ಆಳಾಗಿದ್ದವನು. 1687ರಲ್ಲಿ ಇಬ್ಬರೂ ಕೂಲಿಯವರ ವೇಷದಲ್ಲಿ ಕಡಲು ದಾಟಿದರು. ಜಾಫ್ನಾದಲ್ಲಿ ವಾಜರಿಗೆ ಭೇದಿ ಹಿಡಿದು ಸಾಯುವ ಸ್ಥಿತಿ ಬಂತು. ಅಂಟುರೋಗವೆಂದು ಹೆದರಿದ ಜನ ಇಬ್ಬರನ್ನೂ ಊರ ಹೊರಗೆ ಬಿಟ್ಟರು. ಒಬ್ಬ ಹೆಂಗಸು ತಂದಿಡುತ್ತಿದ್ದ ಗಂಜಿಯೇ ಅವರನ್ನು ಉಳಿಸಿತಂತೆ. ಸಿಂಹಳದ ಧರ್ಮಸಭೆ ಮತ್ತೆ ಚಿಗುರಿದ್ದರ ಹಿಂದೆ ಹೆಸರಿಲ್ಲದ ಆ ತಾಯಿಯ ಬಟ್ಟಲಿದೆ. ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ನೋಡಿ ಯಾರ ಮುಖ ಬದಲಾಗುತ್ತದೋ ಆ ಮನೆ ಕಥೋಲಿಕರದ್ದೆಂದು ತಿಳಿಯುತ್ತಿತ್ತು.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಸೆರೆಯಾದರು. ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. 1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಜನ ತಮ್ಮವರನ್ನೇ ಬಿಟ್ಟು ಓಡಿದಾಗ ವಾಜರೂ ಅವರ ಬಂಧು ಫಾದರ್ ಜೋಸೆಫ್ ಕಾರ್ವಾಲ್ಹೊ ಅವರೂ ಉಳಿದು ರೋಗಿಗಳನ್ನು ಉಪಚರಿಸಿದರು. ಬೌದ್ಧ ಅರಸರೇ ಅವರಿಗೆ ಸ್ವಾತಂತ್ರ್ಯ ಕೊಟ್ಟರು. ಧರ್ಮಾಧ್ಯಕ್ಷರಾಗುವ ಅವಕಾಶ ಬಂದಾಗ ಬೇಡವೆಂದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 1995ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಕೊಲಂಬೊದಲ್ಲಿ ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಅದೇ ನಗರದಲ್ಲಿ ಜಗದ್ಗುರು ಫ್ರಾನ್ಸಿಸರು ಸಂತರೆಂದೂ ಘೋಷಿಸಿದರು.

ಇಲ್ಲಿ ಒಂದು ಸುಲಭದ ಪಾಠ ಹೇಳಿಬಿಡಬಹುದು. ದೇವರು ವಾಜರನ್ನು ಮೊದಲು ಕೆನರಾದಲ್ಲಿ ಪಳಗಿಸಿದ, ಆಮೇಲೆ ನಿಜವಾದ ಕೆಲಸಕ್ಕೆ ಕಳಿಸಿದ ಎಂದು. ನಾನೂ ಬಹಳ ವರ್ಷ ಪ್ರಸಂಗದಲ್ಲಿ ಹಾಗೇ ಹೇಳಿದ್ದೇನೆ. ಅದರಲ್ಲಿ ಸತ್ಯವೂ ಇದೆ. ಅನ್ಯಧರ್ಮದ ಅರಸರ ನಾಡಿನಲ್ಲಿ ಬಾಳುವುದು, ಚದುರಿದ ಮಂದೆಯನ್ನು ಕಾಲ್ನಡಿಗೆಯಲ್ಲಿ ಹುಡುಕುವುದು, ಇವನ್ನೆಲ್ಲ ಅವರು ಇಲ್ಲೇ ಕಲಿತರು. ಆದರೆ ಈಗೀಗ ಆ ಮಾತು ನನಗೆ ಅರ್ಧವೆನಿಸುತ್ತದೆ. ಸಿಂಹಳಕ್ಕೆ ಹೋಗುವ ಮುಂಚೆಯೇ ವಾಜರು ತೀರಿಹೋಗಿದ್ದರೆ? ಹೊನ್ನಾವರದ ದೇವಾಲಯ ವ್ಯರ್ಥವಾಗುತ್ತಿತ್ತೇ? ಬಿಡುಗಡೆಯಾಗಿ ಮನೆಗೆ ಬಂದು ತಾಯಿಯ ಮುಖ ಕಂಡವನಿಗೆ ಕೆನರಾದ ವಾಜರು ತರಬೇತಿಯಲ್ಲಿರುವ ಗುರುವಾಗಿರಲಿಲ್ಲ. ಅವನ ಪಾಲಿಗೆ ಅವರು ಪೂರ್ಣ ಗುರುವೇ. ವಾಜರೂ ಇಲ್ಲಿ ಇದ್ದಷ್ಟು ಕಾಲ ಮನಸ್ಸನ್ನು ಸಿಂಹಳದಲ್ಲಿ ಬಿಟ್ಟು ಕೈಯನ್ನು ಮಾತ್ರ ಇಲ್ಲಿ ಆಡಿಸಿದವರಂತೆ ಕಾಣುವುದಿಲ್ಲ. ಸಂತ ಪೌಲರೂ ಬಿಥೂನಿಯಕ್ಕೆ ಹೊರಟು, ದಾರಿ ಸಿಗದೆ, ಮಕೆದೋನಿಯಕ್ಕೆ ಹೋದದ್ದನ್ನು ಪ್ರೇಷಿತರ ಕಾರ್ಯಗಳಲ್ಲಿ ಓದುತ್ತೇವೆ. ಫಿಲಿಪ್ಪಿಯ ನದಿ ತೀರದಲ್ಲಿ ಲುದಿಯಳಿಗೆ ಅದು ಎರಡನೆಯ ಆಯ್ಕೆ ಎಂದು ಅವರು ಹೇಳಿರಲಾರರು.

ಗುರುದೀಕ್ಷೆಯಾದ ಹೊಸತರಲ್ಲಿ ನಾನೂ ಒಂದು ಕಡೆ ಕೇಳಿದ್ದೆ, ಇನ್ನೊಂದು ಕಡೆ ಸಿಕ್ಕಿತು. ಮೊದಲ ವರ್ಷವನ್ನು ಮುನಿಸಿನಲ್ಲೇ ಕಳೆದೆ. ಬಲಿಪೂಜೆ ಮಾಡಿದೆ, ಮನೆಗಳಿಗೆ ಹೋದೆ, ಯಾವುದರಲ್ಲೂ ಲೋಪವಿರಲಿಲ್ಲ. ಆದರೆ ಆ ವರ್ಷ ನನ್ನ ಕೈಯಿಂದ ಸಮಾಧಿಯಾದವರಲ್ಲಿ ಒಬ್ಬರ ಮುಖವೂ ಈಗ ನೆನಪಿಗೆ ಬರುವುದಿಲ್ಲ. ಆ ಮನೆಗಳವರು ನನ್ನನ್ನು ಕ್ಷಮಿಸಲಿ.

ಕ್ಯಾಂಡಿಯಲ್ಲಿ ವಾಜರ ಸಮಾಧಿಯ ಗುರುತು ಉಳಿದಿಲ್ಲ. ಅವರ ಹಬ್ಬ ಕಳೆದ ವಾರವೇ ನಾನು ಮತ್ತೆ ಹಿಲ್ಲೂರಿಗೆ ಹೋಗಬೇಕು. ಆ ಹುಡುಗನ ತಂದೆಗೆ ಪರಮಪ್ರಸಾದ ಒಯ್ಯುವುದಿದೆ. ಅವನಿಗೆ ಬಿಡುವಿದ್ದರೆ, ದನ ಕಟ್ಟಿ ಬಂದ ಮೇಲೆ, ಜಗುಲಿಯಲ್ಲಿ ಕುಳಿತು ಜಾಫ್ನಾದ ಆ ಗಂಜಿಯ ಬಟ್ಟಲಿನ ಕಥೆ ಹೇಳಬೇಕೆಂದಿದ್ದೇನೆ.