ಶ್ರಾವಣದ ಚೂಡಿಯ ಚರಿತ್ರೆ

ಶ್ರಾವಣ ಬಂತೆಂದರೆ ಶುಕ್ರವಾರ, ಆಯಿತವಾರ ನಮ್ಮ ಕೊಂಕಣಿ ಮನೆಗಳ ಹೆಂಗಸರು ಬೆಳಿಗ್ಗೆ ಬೇಗ ಹಿತ್ತಿಲಿಗೆ ಇಳಿಯುತ್ತಾರೆ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಹೂವಿನ ಬುಟ್ಟಿ. ಕಳೆದ ವರ್ಷ ಪಕ್ಕದ ಮನೆಯ ಅಕ್ಕ ಬೇಲಿ ಆಚೆಯಿಂದ ಕೇಳಿದ್ರು, "ಅದೆಂತ ಮಾರಾಯ್ತಿ, ಹುಲ್ಲು ಹೂವು ಎಲ್ಲ ಸೇರಿಸಿ ಕಟ್ಟುದು? ಯಾವ ಕಾಲದ್ದು ಅದು?" ಅವತ್ತು ಸರಿಯಾಗಿ ಹೇಳ್ಲಿಕ್ಕೆ ಆಗ್ಲಿಲ್ಲ. ಈಗ ಬರೆಯುತ್ತಿದ್ದೇನೆ.

ಚೂಡಿ ಅಂದರೆ ಒಂದು ಸಣ್ಣ ಹೂವಿನ ಕಟ್ಟು, ಅಷ್ಟೆ. ಹಿಂದೆ ಒಂದು ಎಲೆ, ಅದರ ಮೇಲೆ ಗರಿಕೆ, ಅದರ ಮುಂದೆ ಬೇರೆ ಬೇರೆ ಹೂಗಳು. ಉದ್ದದ್ದು ಹಿಂದೆ, ಗಿಡ್ಡದ್ದು ಮುಂದೆ. ಎಲ್ಲ ಹೂವಿನ ಮುಖ ಕಾಣಬೇಕು. ಕೊನೆಗೆ ನೀರಲ್ಲಿ ನೆನೆಸಿದ ಬಾಳೆ ನಾರಿನಲ್ಲಿ ಬಿಗಿಯಾಗಿ ಸುತ್ತಿ ಗಂಟು. ತುಳಸಿಗೆ, ಸೂರ್ಯನಿಗೆ, ಹೊಸ್ತಿಲಿಗೆ, ಬಾವಿಗೆ ಇಟ್ಟು, ದೊಡ್ಡವರಿಗೆ ಕೊಟ್ಟು ನಮಸ್ಕಾರ ಮಾಡುವುದು. ಒಂದು ಮುಡಿಗೆ. ಅದೇ ಹೊತ್ತಿಗೆ ಪಕ್ಕದ ಮನೆಯ ಅಕ್ಕನವರು ಸೋಣ ತಿಂಗಳ ಹೊಸ್ತಿಲು ಪೂಜೆಗೆ ಹೂ ಕೊಯ್ಯುತ್ತಿರುತ್ತಾರೆ. ಮಳೆ ಸ್ವಲ್ಪ ಬಿಟ್ಟು ಕಳೆಗಿಡಗಳೂ ಹೂ ಬಿಡುವ ಕಾಲ ಅದು, ಇಬ್ಬರಿಗೂ ಬೇಕಾದ್ದು ಒಂದೇ ಅಂಗಳದಲ್ಲಿ ಸಿಗ್ತದೆ.

ಚೂಡಿಗೆ ಪೇಟೆಯ ಹೂ ಬೇಡ. ನಮ್ಮ ಕಾಪು ಕಡೆಯ ಶಂಕರಪುರ ಮಲ್ಲಿಗೆಗೆ ಲೆಕ್ಕ ಉಂಟು. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ದಿನಾ ಬೇರೆ ರೇಟು. ಚೂಡಿಯ ಹೂವಿಗೆ ರೇಟೇ ಇಲ್ಲ. ಕಾಗೆಕಣ್ಣು, ಬೆಕ್ಕಿನುಗುರು ಅಂತ ಹೇಳುವ ಹೂಗಳೆಲ್ಲ ಯಾರೂ ನೆಟ್ಟದ್ದಲ್ಲ, ತಾನಾಗಿ ಹುಟ್ಟುವಂಥವು.

ಇನ್ನು ಚರಿತ್ರೆ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು, 1560ರಲ್ಲಿ ಅಲ್ಲಿ ಧರ್ಮವಿಚಾರಣೆ ಶುರುವಾಯಿತು. ಅದೇ ವರ್ಷ ಮಂಗೇಶ ದೇವರನ್ನು ಕುಶಸ್ಥಳಿಯಿಂದ ಹೊಳೆಯಾಚೆ ಪ್ರಿಯೋಳಕ್ಕೆ ತಂದರು. ನಮ್ಮ ಸಮಾಜದ ಎಷ್ಟೋ ಕುಟುಂಬಗಳು ದಕ್ಷಿಣಕ್ಕೆ ಬಂದು ಈ ಕರಾವಳಿಯಲ್ಲಿ ನೆಲೆ ನಿಂತವು. ಕುಲದೇವರನ್ನು ನೋಡ್ಲಿಕ್ಕೆ ನಾವು ಈಗಲೂ ಗೋವಕ್ಕೇ ಹೋಗುವುದು. ದೇವರು ಅಲ್ಲಿ ಉಳಿದರು, ತುಳಸಿ ಮಾತ್ರ ಹೋದಲ್ಲೆಲ್ಲ ಬಂತು. ಅಂಗಳದ ಪೂಜೆಗೆ ದೇವಸ್ಥಾನ ಬೇಡ, ಭಟ್ಟರು ಬೇಡ. ಅದಕ್ಕೇ ಇದು ಹೆಂಗಸರ ಕೈಯಲ್ಲಿ ಉಳಿದಿರಬೇಕು ಅಂತ ನನಗೆ ಕಾಣ್ತದೆ.

ಒಂದು ತಮಾಷೆ ನೋಡಿ. ಚೂಡಿಯಲ್ಲಿರುವ ಗೌರಿಹೂ, ಅಬ್ಬಲಿಗೆ ಈ ನೆಲದವು. ಆದರೆ ನಾವು ಅಷ್ಟು ಚಂದ ಮಾಡಿ ಇಡುವ ರತ್ನಗಂಧಿ ಅಮೆರಿಕ ಖಂಡದ್ದು, ಗೊಂಡೆ ಮೆಕ್ಸಿಕೋ ಕಡೆಯದ್ದು. ಯುರೋಪಿನವರ ಹಡಗು ಬಂದ ಮೇಲೆ ಇಲ್ಲಿಗೆ ಬಂದವು. ನಮ್ಮವರನ್ನು ಊರು ಬಿಡಿಸಿದ್ದೂ ಹಡಗಿನವರೇ, ಹೂ ತಂದದ್ದೂ ಹಡಗಿನವರೇ. ನಮ್ಮ ಅಜ್ಜಿಯರು ಹೂವಿನ ಜಾತಕ ಕೇಳ್ಲಿಲ್ಲ, ಗರಿಕೆಯ ಜೊತೆ ಸೇರಿಸಿ ಕಟ್ಟಿದರು.

ಆಮೇಲೆ ಚೂಡಿ ಅಂಚೆ ಹತ್ತಿತು. ಉಡುಪಿಯಲ್ಲಿ 1906ರಲ್ಲಿ ಕಾರ್ಪೊರೇಶನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದವು. ನಮ್ಮ ಗಂಡಸರು ಆ ಕೆಲಸದಲ್ಲಿ ಊರೂರು ತಿರುಗಿದರು. ಹೊಸ ಮದುಮಗಳು ದೊಡ್ಡವರಿಗೆ ಚೂಡಿ ಕೊಡಲೇಬೇಕು, ಆದರೆ ದೊಡ್ಡವರು ಮುಂಬೈಯಲ್ಲಿ, ಇವಳು ದೆಹಲಿಯಲ್ಲಿ. ಹಾಗಾಗಿ ಚೂಡಿಯನ್ನು ಲಕೋಟೆಯಲ್ಲಿಟ್ಟು, ಜೊತೆಗೆ ಚಿಟಿಕೆ ಕುಂಕುಮ, ನಾಲ್ಕು ಅಕ್ಷತೆ ಹಾಕಿ ಕಳಿಸುವುದು. ಮುಟ್ಟುವಾಗ ಬಾಡಿ ಕಪ್ಪಾಗಿರುತ್ತಿತ್ತು. ನಮ್ಮ ಮಾಯಿ, ಅಂದರೆ ಅತ್ತೆ, ಅಂಥ ಲಕೋಟೆ ಬಂದರೆ ಮೊದಲು ಮೂಗಿಗೆ ಹಿಡಿಯುತ್ತಿದ್ದರು. "ಗರಿಕೆ ವಾಸನೆ ಉಂಟು, ಹುಡುಗಿ ಆರಾಮ ಇದ್ದಾಳೆ" ಅನ್ನುತ್ತಿದ್ದರು. ಎರಡು ಬ್ಯಾಂಕಿನ ಹೆಸರೂ 2020ರ ಏಪ್ರಿಲ್ 1ಕ್ಕೆ ಹೋಯಿತು, ಬೇರೆ ಬ್ಯಾಂಕುಗಳಲ್ಲಿ ಸೇರಿದವು. ಲಕೋಟೆ ಅದಕ್ಕಿಂತ ಮೊದಲೇ ನಿಂತಿತ್ತು. ಈಗ ಮೊಬೈಲಿನಲ್ಲಿ ಚೂಡಿಯ ಫೋಟೊ ಬರ್ತದೆ, ಅದಕ್ಕೆ ವಾಸನೆ ಎಲ್ಲಿಂದ?

ತಪ್ಪು ಬೇರೆಯವರದ್ದು ಮಾತ್ರ ಅಲ್ಲ. ಮಗನ ಮದುವೆಗೆ ಅಂತ ನಾನೇ ಹಟ ಮಾಡಿ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸಿದೆ. ಕೆಸರಿಲ್ಲ, ಗುಡಿಸ್ಲಿಕ್ಕೆ ಸುಲಭ, ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಶ್ರಾವಣ ಬಂದಾಗ ನೋಡ್ತೇನೆ, ಕಾಗೆಕಣ್ಣು ಇಲ್ಲ, ಬೆಕ್ಕಿನುಗುರು ಇಲ್ಲ, ಗರಿಕೆ ಕೂಡ ಇಲ್ಲ. ರಥಬೀದಿಯಿಂದ ಕಟ್ಟಿದ ಚೂಡಿ ತಂದೆ. ಮಾಯಿಗೆ ಆಗ ಕಣ್ಣು ಸರಿ ಕಾಣ್ತಿರಲಿಲ್ಲ. ಬೆರಳಲ್ಲಿ ಒಂದೊಂದೇ ಹೂ ಮುಟ್ಟಿ ನೋಡಿದರು. ಬೈಯಲಿಲ್ಲ. "ಇದರಲ್ಲಿ ನಮ್ಮ ಹಿತ್ತಿಲು ಇಲ್ಲ" ಅಂದರು, ಅಷ್ಟೆ. ಮುಂದಿನ ಶ್ರಾವಣಕ್ಕೆ ಅವರಿರಲಿಲ್ಲ.

ಆ ಮಳೆಗಾಲ ತುಳಸಿಕಟ್ಟೆಯ ಸುತ್ತ ಎರಡು ಸಾಲು ಇಂಟರ್‌ಲಾಕ್ ತೆಗೆಸಿದೆ. ಗರಿಕೆ ತಾನಾಗಿ ಬಂತು. ಗೌರಿಹೂವಿನ ಬೀಜ ಕಾರ್ಕಳದ ತವರಿನಿಂದ ತಂದು ಹಾಕಿದೆ. ಬೆಕ್ಕಿನುಗುರು ಪಕ್ಕದ ಮನೆಯ ಅಕ್ಕನ ಬೇಲಿ ಬುಡದಲ್ಲಿತ್ತು, ಅವರೇ ಮಣ್ಣು ಸಮೇತ ಕಿತ್ತು ಕೊಟ್ಟರು. ಕಾಗೆಕಣ್ಣು ಇನ್ನೂ ಸಿಕ್ಕಿಲ್ಲ.

ಮಣಿಪಾಲದ ಫ್ಲ್ಯಾಟಿನಲ್ಲಿರುವ ಸೊಸೆ ಈ ವರ್ಷ ಬಾಲ್ಕನಿಯಲ್ಲಿ ಗರಿಕೆಯ ಕುಂಡ ಇಟ್ಟಿದ್ದಾಳೆ. ಅವಳು ಕಟ್ಟಿದ ಚೂಡಿ ಸ್ವಲ್ಪ ಸಡಿಲ, ಆದ್ರೂ ವಾಸನೆ ಸರಿ ಉಂಟು. ನಿಮ್ಮ ಗದ್ದೆಯ ಬದಿಯಲ್ಲೋ ಬಾವಿಕಟ್ಟೆಯ ಹತ್ತಿರವೋ ಕಾಗೆಕಣ್ಣು ಕಂಡರೆ ಕಳೆ ಅಂತ ಕಿತ್ತು ಬಿಸಾಡಬೇಡಿ. ನನಗೊಂದು ಫೋನು ಮಾಡಿ, ನಾನೇ ಬರ್ತೇನೆ.