ಟ್ರೋಜನ್ ಸೋಂಕು ನಿವಾರಣೆ (ಹಳೆಯ ಮನೆ ಕಂಪ್ಯೂಟರುಗಳಲ್ಲಿ)

ಉಪಯುಕ್ತ ತಂತ್ರಾಂಶದ ವೇಷದಲ್ಲಿ ಕಂಪ್ಯೂಟರಿಗೆ ಸೇರಿಕೊಂಡು, ಬಳಸುವವರಿಗೆ ತಿಳಿಯದಂತೆ ಹಾನಿ ಮಾಡುವ ಕುತಂತ್ರಾಂಶವೇ ಟ್ರೋಜನ್. ವೈರಸ್ ಬೇರೆ ಕಡತಗಳಿಗೆ ಅಂಟಿಕೊಂಡು ಹೆಚ್ಚುತ್ತದೆ; ವರ್ಮ್ ಜಾಲದ ದಾರಿಯಲ್ಲಿ ತಾನಾಗಿಯೇ ಹರಡುತ್ತದೆ. ಟ್ರೋಜನ್‌ಗೆ ಈ ಎರಡೂ ಶಕ್ತಿಗಳಿಲ್ಲ. ಸಾಮಾನ್ಯವಾಗಿ ಯಾರಾದರೂ ಅದನ್ನು ನಂಬಿ ತೆರೆದಾಗಲೇ ಅದಕ್ಕೆ ಪ್ರವೇಶ ಸಿಗುತ್ತದೆ. ಒಳಹೊಕ್ಕ ಮೇಲೆ ಪಾಸ್‌ವರ್ಡ್ ಕದಿಯುವುದು, ದೂರದಿಂದ ಯಂತ್ರವನ್ನು ನಡೆಸಲು ಬಾಗಿಲು ತೆರೆದಿಡುವುದು, ಬೇರೆ ಕುತಂತ್ರಾಂಶಗಳನ್ನು ಇಳಿಸಿಕೊಳ್ಳುವುದು ಇದರ ಮುಖ್ಯ ಕೆಲಸಗಳು. ಹೀಗಾಗಿ ಒಂದು ಕಡತವನ್ನು ಅಳಿಸಿದ ಮಾತ್ರಕ್ಕೆ ನಿವಾರಣೆ ಮುಗಿಯುವುದಿಲ್ಲ. ಮನೆಯವರ ದಾಖಲೆ, ಹಣ ಮತ್ತು ಖಾತೆಗಳನ್ನು ಉಳಿಸಿಕೊಂಡು, ಆ ಯಂತ್ರವನ್ನು ಮತ್ತೆ ನಂಬಬಹುದಾದ ಸ್ಥಿತಿಗೆ ತರುವವರೆಗಿನ ಇಡೀ ಕೆಲಸಕ್ಕೆ ನಿವಾರಣೆ ಎಂದು ಹೆಸರು.

ಹಿನ್ನೆಲೆ

ಗ್ರೀಕ್ ಪುರಾಣದ ಟ್ರಾಯ್ ನಗರದ ಮರದ ಕುದುರೆಯಿಂದ ಬಂದ ಈ ಹೆಸರನ್ನು ಅಮೆರಿಕದ ವಾಯುಪಡೆಗಾಗಿ 1972ರಲ್ಲಿ ಸಿದ್ಧವಾದ ಕಂಪ್ಯೂಟರ್ ಸುರಕ್ಷತಾ ವರದಿಯಲ್ಲಿ ಬಳಸಲಾಗಿತ್ತು. ಯುನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ, ಸ್ವತಃ ಬರೆಯದ ತಂತ್ರಾಂಶವನ್ನು ಯಾರೂ ಪೂರ್ತಿ ನಂಬಲಾಗದು ಎಂಬುದನ್ನು ತೋರಿಸಿಕೊಟ್ಟರು. 1989ರಲ್ಲಿ ಏಡ್ಸ್ ರೋಗದ ಮಾಹಿತಿ ಎಂಬ ಹೆಸರಿನಲ್ಲಿ ಸುಮಾರು 20,000 ಫ್ಲಾಪಿಗಳು ಹಲವು ದೇಶಗಳ ಜನರಿಗೆ ಅಂಚೆಯಲ್ಲಿ ತಲುಪಿದವು. ಅವುಗಳಲ್ಲಿದ್ದ ಟ್ರೋಜನ್ ಕಡತಗಳ ಹೆಸರುಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡುಗಡೆಗೆ 189 ಡಾಲರ್ ಕೇಳುತ್ತಿತ್ತು. ಇಂದಿನ ರ‍್ಯಾನ್ಸಮ್‌ವೇರ್‌ಗೆ ಇದೇ ಪೂರ್ವಜ.

2007ರಲ್ಲಿ ಕಾಣಿಸಿಕೊಂಡ ಜ್ಯೂಸ್ ಎಂಬ ಟ್ರೋಜನ್ ಬ್ಯಾಂಕಿನ ಲಾಗಿನ್ ವಿವರಗಳನ್ನು ಕದಿಯುವುದನ್ನೇ ದೊಡ್ಡ ದಂಧೆಯಾಗಿ ಬೆಳೆಸಿತು. 2014ರಲ್ಲಿ ಪತ್ತೆಯಾದ ಎಮೋಟೆಟ್ ಇ-ಮೇಲ್ ಲಗತ್ತುಗಳ ಮೂಲಕ ಹರಡಿತು. ಹಲವು ದೇಶಗಳ ಪೊಲೀಸರು ಕೂಡಿ 2021ರ ಜನವರಿಯಲ್ಲಿ ಅದರ ಸರ್ವರ್‌ಗಳನ್ನು ವಶಕ್ಕೆ ಪಡೆದರು. ಅದೇ ವರ್ಷ ಏಪ್ರಿಲ್ 25ರಂದು ಸೋಂಕಿತ ಕಂಪ್ಯೂಟರುಗಳಿಂದ ಅದು ತಾನಾಗಿ ಅಳಿಯುವ ಏರ್ಪಾಡನ್ನೂ ಮಾಡಿದರು. ಆದರೆ ಎಮೋಟೆಟ್ ಅಷ್ಟರೊಳಗೆ ಇಳಿಸಿಕೊಂಡಿದ್ದ ಬೇರೆ ಕುತಂತ್ರಾಂಶಗಳು ಅದರೊಡನೆ ಹೋಗಲಿಲ್ಲ.

ಹಳೆಯ ಯಂತ್ರಗಳ ದುರ್ಬಲತೆ

ಮೈಕ್ರೋಸಾಫ್ಟ್ 2001ರಲ್ಲಿ ಬಿಡುಗಡೆ ಮಾಡಿದ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, 2009ರ ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, 2015ರ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿತು. ಬೆಂಬಲ ನಿಂತ ಮೇಲೆ ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ಸಾಮಾನ್ಯವಾಗಿ ತೇಪೆ ಸಿಗುವುದಿಲ್ಲ. ಬ್ರೌಸರುಗಳೂ ಹಿಂದೆ ಸರಿಯುತ್ತವೆ: ಗೂಗಲ್ ಕ್ರೋಮ್ 2016ರಲ್ಲಿ ಎಕ್ಸ್‌ಪಿಯನ್ನೂ 2023ರಲ್ಲಿ ವಿಂಡೋಸ್ 7ನ್ನೂ ಕೈಬಿಟ್ಟಿತು. ಇಂಥ ಯಂತ್ರದಿಂದ ಟ್ರೋಜನ್ ತೆಗೆದರೂ ಅದು ಬಂದ ದಾರಿ ತೆರೆದೇ ಇರುತ್ತದೆ.

ಬೇರೂರಿದ ಸೋಂಕು ಇನ್ನೂ ಕಷ್ಟದ್ದು. ಅಲ್ಯೂರಿಯಾನ್ ಎಂಬ ಟ್ರೋಜನ್ ವಿಂಡೋಸ್‌ನ ಒಳಪದರಕ್ಕೇ ಇಳಿದು ಆಂಟಿವೈರಸ್‌ಗೆ ಕಾಣದಂತೆ ಅಡಗಿರುತ್ತಿತ್ತು. 2010ರ ಫೆಬ್ರುವರಿಯಲ್ಲಿ ಬಂದ ಒಂದು ವಿಂಡೋಸ್ ತೇಪೆಯನ್ನು ಹಾಕಿದ ಕೂಡಲೇ ಅನೇಕ ಎಕ್ಸ್‌ಪಿ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಆ ಯಂತ್ರಗಳಲ್ಲಿ ಅಲ್ಯೂರಿಯಾನ್ ಮೊದಲೇ ಸೇರಿಕೊಂಡಿತ್ತೆಂಬುದು ಬಳಿಕ ಗೊತ್ತಾಯಿತು.

ಕಾಫಿ ಸೀಮೆಯ ಸಂದರ್ಭ

ಚಿಕ್ಕಮಗಳೂರು ಜಿಲ್ಲೆಯ ಮಲ್ಲಂದೂರು, ಮೂಡಿಗೆರೆ, ಕಳಸದಂಥ ಕಾಫಿ ಸೀಮೆಯ ಊರುಗಳಲ್ಲಿ ಮನೆಯ ಕಂಪ್ಯೂಟರೇ ಎಷ್ಟೋ ಸಲ ತೋಟದ ಕಚೇರಿಯೂ ಆಗಿರುತ್ತದೆ. ಕೂಲಿಯವರ ಚೆಕ್‌ರೋಲ್, ಗೊಬ್ಬರ ಮತ್ತು ಔಷಧಿಯ ಲೆಕ್ಕ, ಪಹಣಿಯ ಪ್ರತಿಗಳು, ಬ್ಯಾಂಕ್ ಸಾಲದ ಕಾಗದಗಳು, ಮದುವೆಯ ಫೋಟೋಗಳು ಎಲ್ಲವೂ ಒಂದೇ ಹಾರ್ಡ್‌ಡಿಸ್ಕಿನಲ್ಲಿ ಕೂಡಿರುತ್ತವೆ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಲೆಕ್ಕ ಕೈತಪ್ಪಿದರೆ ವಾರದ ಬಟವಾಡೆಯೇ ಕಷ್ಟವಾಗುತ್ತದೆ. ಇಲ್ಲಿ ಯಂತ್ರದ ಬೆಲೆಗಿಂತ ಅದರೊಳಗಿನ ದಾಖಲೆಗಳ ಬೆಲೆ ಹೆಚ್ಚು. ನಿವಾರಣೆಗೆ ತೊಡಗುವ ಯಾರೇ ಆಗಲಿ ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ ಇದು.

ಅಂತರ್ಜಾಲ ನಿಧಾನವಾಗಿರುವ ಕಡೆ ಕಡತಗಳು ಪೆನ್‌ಡ್ರೈವ್‌ನಲ್ಲಿ ಓಡಾಡುತ್ತವೆ. ಜೆರಾಕ್ಸ್ ಅಂಗಡಿ, ಫೋಟೋ ಸ್ಟುಡಿಯೋ, ಶಾಲೆ, ಮನೆ ಹೀಗೆ ಒಂದೇ ಪೆನ್‌ಡ್ರೈವ್ ಸುತ್ತಿದಾಗ ಸೋಂಕೂ ಜೊತೆಗೆ ಬರುತ್ತದೆ. ಜನ ಶಾರ್ಟ್‌ಕಟ್ ವೈರಸ್ ಎಂದು ಕರೆಯುವ ಕುತಂತ್ರಾಂಶ ನಿಜವಾದ ಫೋಲ್ಡರುಗಳನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಅವುಗಳ ಜಾಗದಲ್ಲಿಡುತ್ತದೆ. ಅದನ್ನು ಒತ್ತಿದವರೇ ಸೋಂಕನ್ನು ಒಳಗೆ ಕರೆದಂತೆ. ಕಡತಗಳು ಹೋದವೆಂದು ಹೆದರಿ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಬಾರದು. ಬಹಳ ಸಲ ಅವು ಅಡಗಿರುತ್ತವೆ ಅಷ್ಟೆ. ಸುರಕ್ಷಿತ ಯಂತ್ರದಲ್ಲಿ ಅವುಗಳ ಮರೆಯಾಗಿರುವ (ಹಿಡನ್) ಗುಣವನ್ನು ತೆಗೆದರೆ ಮತ್ತೆ ಕಾಣುತ್ತವೆ. ಹೋಮ್‌ಸ್ಟೇ ನಡೆಸುವ ಮನೆಗಳಲ್ಲಿ ಬುಕಿಂಗ್ ವಿವರ, ಹಣ ಪಾವತಿಯ ರಸೀದಿ ಎಂಬ ಹೆಸರಿನ ಇ-ಮೇಲ್ ಲಗತ್ತುಗಳು ಮತ್ತೊಂದು ದಾರಿ. ಪರವಾನಗಿ ಇಲ್ಲದ ವಿಂಡೋಸ್ ಮತ್ತು ಲೆಕ್ಕಪತ್ರದ ತಂತ್ರಾಂಶಗಳ ಕ್ರ್ಯಾಕ್ ಕಡತಗಳು ಮೂರನೆಯ ದಾರಿ.

ಲಕ್ಷಣಗಳು

ಯಂತ್ರ ದಿಢೀರನೆ ನಿಧಾನವಾಗುವುದು, ಏನೂ ತೆರೆಯದಿದ್ದರೂ ಡೇಟಾ ಖರ್ಚಾಗುವುದು, ಬ್ರೌಸರಿನ ಮುಖಪುಟ ತಾನಾಗಿ ಬದಲಾಗುವುದು, ಆಂಟಿವೈರಸ್ ತೆರೆಯದಿರುವುದು, ಆಂಟಿವೈರಸ್ ಸಂಸ್ಥೆಗಳ ತಾಣಗಳು ಮಾತ್ರ ಸಿಗದಿರುವುದು, ಟಾಸ್ಕ್ ಮ್ಯಾನೇಜರ್ ಬಳಕೆಗೆ ತಡೆ ಬೀಳುವುದು ಸಾಮಾನ್ಯ ಲಕ್ಷಣಗಳು. ನಿಧಾನಗತಿಯೊಂದನ್ನೇ ಸೋಂಕಿನ ಸಾಕ್ಷಿಯಾಗಿ ಹಿಡಿಯಲಾಗದು. ಸವೆದ ಹಾರ್ಡ್‌ಡಿಸ್ಕ್, ಕಡಿಮೆ ರ‍್ಯಾಮ್, ಮಳೆಗಾಲದ ತೇವ ಮತ್ತು ಧೂಳು ಹಿಡಿದ ಫ್ಯಾನ್ ಕೂಡ ಇದೇ ರೀತಿ ಕಾಡಬಹುದು. ಇನ್ನೊಂದು ಕಡೆ, ಬ್ಯಾಂಕ್ ವಿವರ ಕದಿಯುವ ಟ್ರೋಜನ್ ಯಾವ ಲಕ್ಷಣವನ್ನೂ ತೋರಿಸದೆ ತಿಂಗಳುಗಟ್ಟಲೆ ಇರಬಲ್ಲದು.

ನಿವಾರಣೆಯ ಕ್ರಮ

1. ಸಂಪರ್ಕ ಕಡಿತ: ಅನುಮಾನ ಬಂದ ಕೂಡಲೇ ಬ್ರಾಡ್‌ಬ್ಯಾಂಡ್ ತಂತಿಯನ್ನು ತೆಗೆಯಬೇಕು, ವೈಫೈ ನಿಲ್ಲಿಸಬೇಕು. ಇದರಿಂದ ಕದ್ದ ಮಾಹಿತಿ ಹೊರಹೋಗುವುದೂ ಹೊಸ ಕುತಂತ್ರಾಂಶ ಒಳಬರುವುದೂ ನಿಲ್ಲುತ್ತದೆ. ಆ ಯಂತ್ರದಲ್ಲಿ ಬ್ಯಾಂಕ್ ಅಥವಾ ಇ-ಮೇಲ್ ಖಾತೆಯನ್ನು ಮತ್ತೆ ತೆರೆಯಬಾರದು.

2. ಖಾತೆಗಳ ರಕ್ಷಣೆ: ಸೋಂಕಿಲ್ಲದ ಇನ್ನೊಂದು ಸಾಧನದಿಂದ ಮೊದಲು ಇ-ಮೇಲ್, ನಂತರ ಬ್ಯಾಂಕ್ ಪಾಸ್‌ವರ್ಡ್ ಬದಲಿಸಬೇಕು. ಸೋಂಕಿತ ಯಂತ್ರದಲ್ಲೇ ಬದಲಿಸಿದರೆ ಹೊಸ ಪಾಸ್‌ವರ್ಡ್ ಕೂಡ ಕಳ್ಳರ ಕೈಸೇರುತ್ತದೆ. ಎಷ್ಟೋ ಮನೆಗಳಲ್ಲಿ ಈ ಹೆಜ್ಜೆ ಕೊನೆಗೆ ಉಳಿಯುತ್ತದೆ ಇಲ್ಲವೇ ಮರೆತೇಹೋಗುತ್ತದೆ. ಹಣದ ದೃಷ್ಟಿಯಿಂದ ಇದಕ್ಕಿಂತ ತುರ್ತಿನ ಕೆಲಸ ಬೇರೆ ಇಲ್ಲ.

3. ದಾಖಲೆಗಳ ಪ್ರತಿ: ಲೆಕ್ಕದ ಹಾಳೆಗಳು, ಪಿಡಿಎಫ್‌ಗಳು, ಫೋಟೋಗಳನ್ನು ಹೊರಗಿನ ಡಿಸ್ಕಿಗೆ ಪ್ರತಿ ಮಾಡಬೇಕು. ತಂತ್ರಾಂಶಗಳ ಸೆಟಪ್ ಕಡತ, ಸ್ಕ್ರೀನ್‌ಸೇವರ್, ಸ್ಕ್ರಿಪ್ಟ್‌ಗಳನ್ನು ಒಯ್ಯಬಾರದು. ಕಡತದ ಪೂರ್ಣ ಹೆಸರು ಕಾಣುವಂತೆ ಸೆಟ್ಟಿಂಗ್ ಬದಲಿಸಿಕೊಂಡರೆ, ಪಿಡಿಎಫ್ ಎಂದು ತೋರಿಸಿಕೊಳ್ಳುತ್ತ ಕೊನೆಯಲ್ಲಿ ಇಎಕ್ಸ್‌ಇ ಎಂದಿರುವ ವೇಷಧಾರಿಗಳು ಸಿಕ್ಕಿಬೀಳುತ್ತವೆ.

ಕನ್ನಡ ಬಳಸುವ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದಲ್ಲೋ ಶೇಷಾದ್ರಿವಾಸು ಚಂದ್ರಶೇಖರನ್ ರೂಪಿಸಿದ ಬರಹ ತಂತ್ರಾಂಶದಲ್ಲೋ ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಿಂದ ಟೈಪ್ ಮಾಡಿದ ಪತ್ರಗಳು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಾಗಿ ಕಾಣುತ್ತವೆ. ಟ್ರೋಜನ್ ಕಡತವನ್ನು ಕೆಡಿಸಿತೆಂದು ತಿಳಿದು ಅವನ್ನು ಅಳಿಸಬಾರದು. ಬಳಸಿದ ಫಾಂಟುಗಳ ಹೆಸರನ್ನು ಬರೆದಿಟ್ಟುಕೊಂಡು, ಮರುಸ್ಥಾಪನೆಯ ಬಳಿಕ ಆ ತಂತ್ರಾಂಶವನ್ನು ಮೂಲ ತಾಣದಿಂದ ಪಡೆದರೆ ಪತ್ರಗಳನ್ನು ಓದಬಹುದು. ಯೂನಿಕೋಡ್‌ಗೆ ಪರಿವರ್ತಿಸಿ ಶಾಶ್ವತವಾಗಿ ಉಳಿಸಿಕೊಳ್ಳಲೂಬಹುದು.

4. ಹೊರಗಿನಿಂದ ಶೋಧನೆ: ಸೋಂಕಿತ ವಿಂಡೋಸ್ ಒಳಗೇ ಕೆಲಸ ಮಾಡುವ ಆಂಟಿವೈರಸ್ ಆ ವಿಂಡೋಸ್ ತೋರಿಸಿದ್ದನ್ನೇ ನಂಬಬೇಕಾಗುತ್ತದೆ. ಆದ್ದರಿಂದ ಬೇರೆ ಒಳ್ಳೆಯ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ರೆಸ್ಕ್ಯೂ ಡಿಸ್ಕ್ ಅಥವಾ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಬೂಟ್ ಮಾಡಿ ಹುಡುಕುವುದು ಉತ್ತಮ. ವಿಂಡೋಸ್ 10ರಲ್ಲಿ ಡಿಫೆಂಡರ್‌ನ ಆಫ್‌ಲೈನ್ ಶೋಧನೆ ಒಳಗೇ ಇದೆ. ರ‍್ಯಾಮ್ ಸಾಲದ ಹಳೆಯ ಯಂತ್ರವಾದರೆ ಹಾರ್ಡ್‌ಡಿಸ್ಕನ್ನು ಬಿಚ್ಚಿ, ಅಡಾಪ್ಟರ್ ಮೂಲಕ ಸುರಕ್ಷಿತ ಕಂಪ್ಯೂಟರಿಗೆ ಜೋಡಿಸಿ, ಯಾವ ಕಡತವನ್ನೂ ತೆರೆಯದೆ ಪರೀಕ್ಷಿಸಬಹುದು. ತುಂಬಿದ ಹಳೆಯ ಡಿಸ್ಕಿನ ಪೂರ್ತಿ ಶೋಧನೆಗೆ ಹಲವು ಗಂಟೆಗಳು ಹಿಡಿಯುತ್ತವೆ. ಮುಂಗಾರಿನಲ್ಲಿ ಕರೆಂಟು ಪದೇ ಪದೇ ಹೋಗುವ ಮಲೆನಾಡಿನಲ್ಲಿ ಯುಪಿಎಸ್ ಇಲ್ಲವೇ ಇನ್ವರ್ಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಸಿಡಿಲಿನ ದಿನಗಳಲ್ಲಂತೂ ಮುಂದೂಡುವುದೇ ಕ್ಷೇಮ.

5. ಒಳಗಿನ ಶೋಧನೆ: ರೆಸ್ಕ್ಯೂ ಡಿಸ್ಕ್ ಬಳಿಕ ಸೇಫ್ ಮೋಡ್‌ನಲ್ಲಿ ಮತ್ತೊಂದು ಸಂಸ್ಥೆಯ ಸಾಧನದಿಂದ ಪರೀಕ್ಷಿಸಬೇಕು. ಎಕ್ಸ್‌ಪಿ ಮತ್ತು ವಿಂಡೋಸ್ 7ರಲ್ಲಿ ಯಂತ್ರ ಶುರುವಾಗುವಾಗ ಎಫ್8 ಒತ್ತಿದರೆ ಈ ಸ್ಥಿತಿ ಸಿಗುತ್ತದೆ. ಯಂತ್ರದೊಡನೆ ತಾನಾಗಿ ಶುರುವಾಗುವ ತಂತ್ರಾಂಶಗಳ ಪಟ್ಟಿಯನ್ನೂ ನೋಡಬೇಕು. ವಿಂಡೋಸ್‌ನ ಸ್ವಂತ ಕಡತಗಳ ಹೆಸರನ್ನೇ ಇಟ್ಟುಕೊಂಡು ಬೇರೆ ಫೋಲ್ಡರಿನಲ್ಲಿ ಕುಳಿತಿರುವುದು ಟ್ರೋಜನ್‌ಗಳ ಹಳೆಯ ಉಪಾಯ. ಖಚಿತವಿಲ್ಲದ ಕಡತವನ್ನು ಕೈಯಾರೆ ಅಳಿಸುವ ಬದಲು ಕ್ವಾರಂಟೈನ್‌ಗೆ ಕಳಿಸುವುದು ಮೇಲು. ಒಂದೇ ಯಂತ್ರದಲ್ಲಿ ಎರಡು ಆಂಟಿವೈರಸ್‌ಗಳನ್ನು ಸದಾ ಚಾಲೂ ಇಡಬಾರದು. ಅವು ಪರಸ್ಪರ ಅಡ್ಡಿಯಾಗುತ್ತವೆ.

6. ಸೆಟ್ಟಿಂಗ್‌ಗಳ ದುರಸ್ತಿ: ಟ್ರೋಜನ್ ಹೋದರೂ ಅದು ಮಾಡಿದ ಬದಲಾವಣೆಗಳು ಉಳಿಯಬಹುದು. ಡಿಎನ್‌ಎಸ್ ಚೇಂಜರ್ ಪ್ರಕರಣ ಇದಕ್ಕೆ ದೊಡ್ಡ ನಿದರ್ಶನ. ಆ ಟ್ರೋಜನ್ ಸುಮಾರು 100 ದೇಶಗಳ 40 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಕಳ್ಳರ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ) ಸರ್ವರ್‌ಗಳತ್ತ ತಿರುಗಿಸಿತ್ತು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಜಾಲವನ್ನು ಭೇದಿಸಿದ ಮೇಲೂ, ಬಾಧಿತರ ಅಂತರ್ಜಾಲ ಕಡಿದುಹೋಗಬಾರದೆಂದು ಬದಲಿ ಸರ್ವರ್‌ಗಳನ್ನು 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ಆದ್ದರಿಂದ ಡಿಎನ್‌ಎಸ್, ಪ್ರಾಕ್ಸಿ, ಹೋಸ್ಟ್ಸ್ ಕಡತ, ಬ್ರೌಸರ್ ವಿಸ್ತರಣೆಗಳು ಮತ್ತು ರೂಟರಿನ ಪಾಸ್‌ವರ್ಡ್ ಎಲ್ಲವನ್ನೂ ನೋಡಬೇಕು. ಸಿಸ್ಟಂ ರಿಸ್ಟೋರ್‌ನ ಹಳೆಯ ಬಿಂದುಗಳಲ್ಲಿ ಟ್ರೋಜನ್‌ನ ಪ್ರತಿ ಉಳಿದಿರಬಹುದು. ಸ್ವಚ್ಛವಾದ ಬಳಿಕ ಅವನ್ನು ತೆಗೆದು ಹೊಸ ಬಿಂದು ಮಾಡಿಕೊಳ್ಳಬೇಕು.

7. ಮರುಸ್ಥಾಪನೆ: ದೂರದಿಂದ ಯಂತ್ರ ನಡೆಸುವ, ಪಾಸ್‌ವರ್ಡ್ ಕದಿಯುವ ಅಥವಾ ಒಳಪದರದಲ್ಲಿ ಅಡಗುವ ಟ್ರೋಜನ್ ಸಿಕ್ಕಿದ್ದರೆ, ಡಿಸ್ಕನ್ನು ಅಳಿಸಿ ಕಾರ್ಯಾಚರಣ ವ್ಯವಸ್ಥೆಯನ್ನು ಹೊಸದಾಗಿ ಹಾಕುವುದೊಂದೇ ನೆಚ್ಚಬಹುದಾದ ದಾರಿ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿ ಡ್ರೈವ್ ಒಂದನ್ನೇ ಫಾರ್ಮ್ಯಾಟ್ ಮಾಡಿ, ದಾಖಲೆಗಳಿರುವ ಡಿ ಡ್ರೈವ್ ಹಾಗೆಯೇ ಬಿಡುತ್ತಾರೆ. ಸೋಂಕು ತಂದ ಸೆಟಪ್ ಕಡತ ಅಲ್ಲೇ ಉಳಿದಿದ್ದರೆ ಮತ್ತೆ ಅದೇ ಕಾಟ. ಪ್ರತಿ ಮಾಡಿಟ್ಟ ದಾಖಲೆಗಳನ್ನು ಪರೀಕ್ಷಿಸಿ, ಎಲ್ಲ ವಿಭಾಗಗಳನ್ನೂ ಅಳಿಸಿದ ಮೇಲೆ ಸ್ಥಾಪನೆ ನಡೆಯಬೇಕು. ಸ್ಥಾಪನೆಗೆ ಬಳಸುವ ಡಿಸ್ಕ್ ತಯಾರಕರ ಮೂಲ ಪ್ರತಿಯೇ ಆಗಿರಬೇಕು.

ನೆರವು ಮತ್ತು ಕಾನೂನು

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೆಯ ವಿಧಿ ಅನುಮತಿಯಿಲ್ಲದೆ ಇತರರ ಕಂಪ್ಯೂಟರಿಗೆ ವೈರಸ್ ಅಥವಾ ಅಂಥ ಕಲಬೆರಕೆ ಸೇರಿಸುವುದನ್ನು ಪರಿಹಾರಕ್ಕೆ ಅರ್ಹವಾದ ತಪ್ಪೆಂದು ಪರಿಗಣಿಸುತ್ತದೆ. ದುರುದ್ದೇಶದಿಂದ ಮಾಡಿದರೆ 66ನೆಯ ವಿಧಿಯಂತೆ 3 ವರ್ಷಗಳವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. 2004ರಿಂದ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆ 2017ರ ಫೆಬ್ರುವರಿ 21ರಂದು ಸೈಬರ್ ಸ್ವಚ್ಛತಾ ಕೇಂದ್ರವನ್ನು ಆರಂಭಿಸಿತು. ಈ ಕೇಂದ್ರ ಅಂತರ್ಜಾಲ ಸೇವಾದಾರರ ಮೂಲಕ ಸೋಂಕಿತ ಯಂತ್ರಗಳ ಒಡೆಯರಿಗೆ ಎಚ್ಚರಿಕೆ ಕಳಿಸುತ್ತದೆ. ಭಾರತೀಯ ಆಂಟಿವೈರಸ್ ಸಂಸ್ಥೆಗಳ ನೆರವಿನಿಂದ ಉಚಿತ ನಿವಾರಣಾ ಸಾಧನಗಳನ್ನೂ, ಪೆನ್‌ಡ್ರೈವ್ ಬಳಕೆಯನ್ನು ನಿಯಂತ್ರಿಸಲು ಸಿ-ಡ್ಯಾಕ್ ರೂಪಿಸಿದ ಯುಎಸ್‌ಬಿ ಪ್ರತಿರೋಧ್ ಸಾಧನವನ್ನೂ ಒದಗಿಸುತ್ತದೆ.

ಹಣ ಹೋಗಿದ್ದರೆ ಕೂಡಲೇ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಗ್ರಾಹಕರದೂ ಬ್ಯಾಂಕಿನದೂ ಅಲ್ಲದ ಲೋಪದಿಂದ ಹಣ ಹೋದಾಗ, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆ ಇಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿದೆ. ದೂರು ಕೊಡುವ ಉದ್ದೇಶವಿದ್ದರೆ ಡಿಸ್ಕ್ ಅಳಿಸುವ ಮೊದಲೇ ಪೊಲೀಸರನ್ನು ಕೇಳಬೇಕು, ಏಕೆಂದರೆ ಅದರೊಳಗಿನ ಕುರುಹುಗಳೇ ಸಾಕ್ಷಿ.

ನಿವಾರಣೆಯ ನಂತರ

ಶುದ್ಧವಾದ ಹಳೆಯ ಯಂತ್ರದ ಮುಂದೆ ಮೂರು ದಾರಿಗಳಿವೆ. ಬೆಂಬಲವಿರುವ ವಿಂಡೋಸ್‌ಗೆ ಸಾಕಾಗುವಷ್ಟು ಶಕ್ತಿಯಿದ್ದರೆ ಅದನ್ನು ಹಾಕಿ, ಡಿಸ್ಕನ್ನು ಎಸ್‌ಎಸ್‌ಡಿಗೆ ಬದಲಿಸಬಹುದು. ಇಲ್ಲವಾದರೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆಯನ್ನು ಹಾಕಬಹುದು. ಯೂನಿಕೋಡ್ ಕನ್ನಡದ ಓದು ಬರಹ, ಲೆಕ್ಕದ ಹಾಳೆ, ಬ್ರೌಸಿಂಗ್ ಎಲ್ಲವೂ ಅದರಲ್ಲಿ ನಡೆಯುತ್ತವೆ. ನುಡಿ ಅಥವಾ ಹಳೆಯ ಲೆಕ್ಕಪತ್ರ ತಂತ್ರಾಂಶಕ್ಕಾಗಿ ಎಕ್ಸ್‌ಪಿಯೇ ಬೇಕೆಂದಾದರೆ ಆ ಯಂತ್ರವನ್ನು ಅಂತರ್ಜಾಲಕ್ಕೆ ಎಂದೂ ಜೋಡಿಸಬಾರದು, ಪರೀಕ್ಷಿಸದ ಪೆನ್‌ಡ್ರೈವ್ ಹಾಕಬಾರದು. ಯಾವ ದಾರಿ ಹಿಡಿದರೂ ದಿನದ ಬಳಕೆಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಖಾತೆಯನ್ನು ಇಟ್ಟುಕೊಳ್ಳಬೇಕು. ತೋಟದ ಲೆಕ್ಕ ಮತ್ತು ಮನೆಯ ದಾಖಲೆಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇರಿಸಿ, ಅವುಗಳಲ್ಲಿ ಒಂದನ್ನು ಕಂಪ್ಯೂಟರಿಗೆ ಸದಾ ಜೋಡಿಸದೆ ಇಡಬೇಕು. ಇಷ್ಟು ಮಾಡಿದ ಮನೆಯಲ್ಲಿ ಮತ್ತೊಮ್ಮೆ ಸೋಂಕು ತಗುಲಿದರೂ ಡಿಸ್ಕನ್ನು ಧೈರ್ಯದಿಂದ ಅಳಿಸಬಹುದು. ಯಂತ್ರಕ್ಕಾದ ತೊಂದರೆ ಮನೆಯವರ ದುಡಿಮೆಯ ಲೆಕ್ಕದವರೆಗೆ ಮುಟ್ಟುವುದಿಲ್ಲ.