ನೆಗಡಿ ಕೆಮ್ಮಿನ ಮನೆಮದ್ದು: ಜೈನ ವೈದ್ಯದಲ್ಲಿ ಜೇನು ಮತ್ತು ಶುಂಠಿ

ವೈದ್ಯದ ಓಲೆಗರಿಗಳನ್ನು ಪರಿಶೀಲಿಸುವವರಿಗೆ ರೋಗನಾಮಕ್ಕಿಂತ ಅನುಪಾನದ ಹೆಸರೇ ಹೆಚ್ಚು ತೊಡಕನ್ನು ತಂದೊಡ್ಡುತ್ತದೆ. ಶಾಸ್ತ್ರಗಳಲ್ಲಿ ಪೀನಸ, ಪ್ರತಿಶ್ಯಾಯ, ಕಾಸವೆಂದು ಹೆಸರಾದ ನೆಗಡಿ ಕೆಮ್ಮುಗಳಿಗೆ ಶುಂಠಿ, ಮೆಣಸು, ಹಿಪ್ಪಲಿಗಳ ತ್ರಿಕಟುಚೂರ್ಣವನ್ನು ಜೇನಿನಲ್ಲಿ ಕಲಸಿ ನೆಕ್ಕಿಸುವುದು ಆಯುರ್ವೇದದ ಸುಪರಿಚಿತ ಕ್ರಮ. ವ್ರತಧಾರಿಯಾದ ಶ್ರಾವಕನು ಇದನ್ನು ಇದ್ದಂತೆಯೇ ಸ್ವೀಕರಿಸಲಾರನು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಪಂಚಾಣುವ್ರತಗಳೊಡನೆ ಸೇರಿಸಿ ಅಷ್ಟಮೂಲಗುಣಗಳೆಂದು ಎಣಿಸಿದ್ದಾರೆ. ತ್ರಸಜೀವಿಗಳ ಹಿಂಸೆಯನ್ನು ತಪ್ಪಿಸಲು ಜೇನು, ಮಾಂಸಗಳನ್ನೂ ಪ್ರಮಾದವನ್ನು ತಪ್ಪಿಸಲು ಮದ್ಯವನ್ನೂ ತ್ಯಜಿಸಬೇಕೆಂಬುದು ಅವರ ನಿರೂಪಣೆ. ಅನಂತರ, ಅಲ್ಪಫಲಕ್ಕಾಗಿ ಬಹುಜೀವಘಾತವಾಗುವ ವಸ್ತುಗಳ ಸಾಲಿನಲ್ಲಿ ಮೂಲಂಗಿಯೊಡನೆ ಶುಂಠಿಯೂ ಬರುತ್ತದೆ. ಆದರೆ ಅಲ್ಲಿ ಶುಂಠಿಗೆ ‘ಆರ್ದ್ರ’ವೆಂಬ ವಿಶೇಷಣವಿದೆಯೆಂಬುದನ್ನು ಮರೆಯಬಾರದು. ನಿಷೇಧವಿರುವುದು ಹಸಿಯ ಕಂದಕ್ಕೆ, ಒಣಗಿದ ಶುಂಠಿಗಲ್ಲ. ಜೈನರ ಮನೆಗಳ ಕಷಾಯದಲ್ಲಿ ಒಣಶುಂಠಿ, ಮೆಣಸು, ಜೀರಿಗೆ, ಕೊತ್ತಂಬರಿ ಬೀಜಗಳು ಬೇಯುವುದೂ ಜೇನಿನ ಸ್ಥಾನವನ್ನು ಬೆಲ್ಲ ಅಥವಾ ಕಲ್ಲುಸಕ್ಕರೆ ಪಡೆಯುವುದೂ ಈ ವಿವೇಚನೆಯ ಫಲ. ರಾತ್ರಿಭೋಜನತ್ಯಾಗವುಳ್ಳವರು ಆ ಕಷಾಯವನ್ನು ಸೂರ್ಯಾಸ್ತದೊಳಗೆ ಕುಡಿದು ಮುಗಿಸುತ್ತಾರೆ.

ಜೈನ ವೈದ್ಯಾಚಾರ್ಯರು ಇದನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದರು. ನೃಪತುಂಗನ ಕಾಲದವನೆಂದು ಗಣಿಸಲಾದ ಉಗ್ರಾದಿತ್ಯಾಚಾರ್ಯನ ಕಲ್ಯಾಣಕಾರಕಕ್ಕೆ ಸೇರಿದ ಹಿತಾಹಿತಾಧ್ಯಾಯವು ಔಷಧದಲ್ಲಿ ಮಾಂಸ ಬೇಕೆಂಬ ವಾದದ ಖಂಡನೆಯೇ ಆಗಿದೆ. ಈ ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಹೊರಬಂದಿತು. ಸುಮಾರು 1150ರ ಜಗದ್ದಳ ಸೋಮನಾಥನು ಪೂಜ್ಯಪಾದರ ಕೃತಿಯನ್ನು ಅನುಸರಿಸಿ ರಚಿಸಿದ ಕರ್ಣಾಟಕ ಕಲ್ಯಾಣಕಾರಕವೂ ಮದ್ಯಮಾಂಸಗಳನ್ನು ಹೊರಗಿಟ್ಟಿದೆ. ಇವೆರಡರ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಪಾಠಪರಿಷ್ಕರಣದಲ್ಲಿ ಎಚ್ಚರ ಬೇಕಾದುದು ಮಧುವಿನ ವಿಷಯದಲ್ಲಿ. ಯಷ್ಟಿಮಧು, ಮಧುಕವೆಂದರೆ ಅತಿಮಧುರದ ಬೇರು. ಅದೂ ಕೆಮ್ಮಿನ ಮದ್ದೇ. ಲಿಪಿಕಾರನ ಕೈಯಲ್ಲಿ ಒಂದು ಕಕಾರ ಜಾರಿದರೆ ಬೇರು ಜೇನಾಗುತ್ತದೆ! ಯೋಗದಲ್ಲಿ ‘ಮಧು’ವನ್ನು ಕಂಡೊಡನೆ ಜೇನೆಂದು ಅರ್ಥ ಬರೆದರೆ, ಗ್ರಂಥಕಾರನು ತನ್ನ ಮೂಲಗುಣವನ್ನೇ ಉಲ್ಲಂಘಿಸಿದನೆಂಬ ಅಪವಾದವನ್ನು ನಾವೇ ಹೊರಿಸಿದಂತಾದೀತು.

ಶುಂಠಿಯ ಪಾಡೂ ಇದೇ. ಸಂಸ್ಕೃತದಲ್ಲಿ ಶುಂಠೀ, ನಾಗರಗಳು ಒಣಗಿದುದಕ್ಕೂ ಆರ್ದ್ರಕವು ಹಸಿಯದಕ್ಕೂ ಸಲ್ಲುತ್ತವೆ. ಕನ್ನಡದಲ್ಲಿ ಹಸಿಯದಕ್ಕೆ ‘ಅಲ್ಲ’ವೆಂಬ ಬೇರೆ ಮಾತಿದ್ದರೂ ಮೈಸೂರು ಸೀಮೆಯ ಬಳಕೆಯಲ್ಲಿ ಎರಡೂ ಶುಂಠಿಯೇ ಆಗಿವೆ. ತೆಲುಗು ಕನ್ನಡಗಳೆರಡೂ ನಡೆಯುವ ಪಾವಗಡ, ತಿರುಮಣಿಯ ಕಡೆ ತೆಲುಗು ಮಾತಿನವರು ಅಲ್ಲಂ, ಶೊಂಠಿ ಎಂಬ ಭೇದವನ್ನು ಉಳಿಸಿಕೊಂಡಿದ್ದಾರೆ. ನಿಘಂಟು ನೋಡುವ ಮುನ್ನ ಅವರನ್ನು ಕೇಳುವುದು ಲೇಸು.

ಈ ಸೀಮೆಯ ಜೈನಸಂಬಂಧ ಹಳೆಯದು. ಪಾವಗಡ ತಾಲ್ಲೂಕಿನ ನಿಡುಗಲ್ಲಿನಲ್ಲಿ ಗಂಗೆಯನ ಮಾರೆಯನು ಪಾರ್ಶ್ವಜಿನ ಬಸದಿಯನ್ನು ಕಟ್ಟಿಸಿದ ಸಂಗತಿ 1232ರ ಶಾಸನದಲ್ಲಿದೆ. ಮಧುಗಿರಿಯಲ್ಲಿ ಮಲ್ಲಿನಾಥ ಬಸದಿಯಿದೆ. ಊರಿನ ಹೆಸರಿಗೆ ಜನ ಜೇನನ್ನೇ ಕಾರಣವಾಗಿ ಹೇಳುತ್ತಾರೆ. ಮದ್ದಗಿರಿಯೆಂಬ ಹಳೆಯ ರೂಪವನ್ನು ಹಿಡಿದು ಮದ್ದಿನ ಬೆಟ್ಟವೆನ್ನುವ ಆಸೆ ಯಾರಿಗಾದರೂ ಬಂದೀತು. ಇಂತಹ ನಿರುಕ್ತಿಗಳಲ್ಲಿ ನನಗೆ ವಿಶ್ವಾಸವಿಲ್ಲ.

ಜೇನಿನ ವರ್ಜನೆಯನ್ನು ವೈದ್ಯಕೀಯ ಸಿದ್ಧಾಂತವೆಂದು ಸಾಧಿಸಹೊರಡುವುದೂ ಸಲ್ಲದು. ಒಂದು ವರ್ಷದೊಳಗಿನ ಶಿಶುಗಳಿಗೆ ಜೇನು ಅಪಾಯಕರವೆಂದು ಇಂದಿನ ವೈದ್ಯರು ನಿಷೇಧಿಸುತ್ತಾರೆ. ಉಳಿದವರ ಕೆಮ್ಮಿಗೆ ಅದು ತುಸು ಶಮನಕಾರಿಯೆಂದೇ ಅವರ ಅಭಿಪ್ರಾಯ. ಶ್ರಾವಕನು ಅದನ್ನು ಬಿಟ್ಟುದು ಅಹಿಂಸೆಗಾಗಿ, ಗುಣವಿಲ್ಲವೆಂದಲ್ಲ. ಹಾಗೆಯೇ ಹಳೆಯ ಗ್ರಂಥಗಳ ಜ್ವರಭೇದಗಳಲ್ಲಿ ಒಂದನ್ನು ಆರಿಸಿ, 1918ರಲ್ಲಿ ನಾಡನ್ನು ಹಣ್ಣುಮಾಡಿದ ಇನ್‌ಫ್ಲುಯೆಂಜಾ ಇದೇ ಎನ್ನುವುದು ಸಾಹಸ. ಮನುಷ್ಯರಲ್ಲಿ ಅದರ ವೈರಾಣು ಪತ್ತೆಯಾದುದೇ 1933ರಲ್ಲಿ. ಕಷಾಯ ಗಂಟಲಿಗೆ ಹಿತ ನೀಡೀತು. ಉಸಿರು ಕಟ್ಟಿದವನಿಗೆ ಆಸ್ಪತ್ರೆಯೇ ಗತಿ.

ಹಸ್ತಪ್ರತಿಸೂಚಿಗಳಲ್ಲಿ ಬಿಡಿ ಯೋಗಗಳನ್ನು ‘ವೈದ್ಯ, ಅಸಮಗ್ರ’ವೆಂದು ಬರೆದು ಕೈಬಿಡುವ ರೂಢಿಯಿದೆ. ಅನುಪಾನವನ್ನೂ, ಶುಂಠಿಗೆ ಬಳಸಿದ ಶಬ್ದವನ್ನೂ ಅದರ ಪಕ್ಕದಲ್ಲಿ ಗುರುತಿಸಿದರೆ, ಕರ್ತೃವಿನ ಹೆಸರಿಲ್ಲದ ಗರಿಯೂ ಯಾವ ಆಚಾರದ ಮನೆಯದೆಂದು ಊಹಿಸಲು ಒಂದು ಎಳೆ ಸಿಕ್ಕೀತು.